ಬಲಗೈಗೆ ಸಿಗಬೇಕಾದ ಕಂಬಿ

ಮಾರಿಸ್‌ವಿಲ್‌ನಲ್ಲಿ ನೀವು ಸ್ಕೂಲ್ ಬಸ್ಸಿಗೆ ಕಾಯುತ್ತಿದ್ದ ತಿರುವು ನಿಮಗೆ ನೆನಪಿರಬೇಕು. ಅಲ್ಲಿ ನಮ್ಮ ಟೌನ್‌ಹೌಸ್‌ಗಳ ಸಾಲು ಏಳುವ ಮೊದಲು ಕಿರಿದಾದ ಒಂದು ರಸ್ತೆ ಇತ್ತು. ರಸ್ತೆಗೆ ಮುಖ ಮಾಡಿ ಹಳೆಯ ಮರದ ಮನೆಗಳಿದ್ದವು. ಅವುಗಳಲ್ಲಿ ಒಂದು ಮನೆಯ ಚಿತ್ರವನ್ನು ಅಚ್ಚು ಹಾಕುವುದಕ್ಕಾಗಿ ನಾನು ಒಂದು ಬೇಸಿಗೆಯಿಡೀ ಕೆಲಸ ಮಾಡಿದೆ. ತೊಂಬತ್ತರ ದಶಕದ ನಡುವಿನ ಮಾತು. ಆಗ ನೀವು ಹುಟ್ಟಿರಲಿಲ್ಲ. ಈ ಸಂಗತಿ ನಿಮ್ಮ ಅಮ್ಮನಿಗೆ ಅರ್ಧ ಗೊತ್ತು, ಉಳಿದರ್ಧ ಅವಳಿಗೂ ಹೇಳಿಲ್ಲ.

ನಿಮ್ಮ ತಾತ ತೀರಿಕೊಂಡ ಮೇಲೆ ನಾನು ಇಲ್ಲಿಗೆ, ಅಮೆರಿಕಕ್ಕೆ ಬಂದು, ನಿಮ್ಮ ಅಮ್ಮ ಲ್ಯಾಬಿಗೆ ಹೋದ ಮೇಲೆ ಅಪಾರ್ಟ್‌ಮೆಂಟಿನಲ್ಲಿ ಒಬ್ಬಳೇ ಕೂತಿರುತ್ತಿದ್ದೆ. ಕೆಳಗಿನ ಮನೆಯಲ್ಲಿ ಮೈಸೂರು ಕಡೆಯ ಒಬ್ಬಳು ಹುಡುಗಿ ಇದ್ದಳು. ಊರಿನಲ್ಲಿ ಚಿತ್ರಕಲೆ ಓದಿ, ಮದುವೆಯಾಗಿ ಬಂದವಳು. ಡರ್ಹಾಮ್‌ನ ಹಳೆಯ ತಂಬಾಕು ಗೋದಾಮೊಂದರಲ್ಲಿ ಒಬ್ಬ ಅಮೆರಿಕನ್ ಮುದುಕರು ಚಿತ್ರ ಅಚ್ಚು ಹಾಕುವ ಪ್ರೆಸ್ಸು ಇಟ್ಟಿದ್ದರು. ಅವಳು ಅಲ್ಲಿಗೆ ಹೋಗುತ್ತಿದ್ದಳು. ಒಂದು ದಿನ ಬಾಗಿಲು ತಟ್ಟಿದಳು.

"ಆಂಟಿ, ನಂಗೆ ಒಂದು ಜೊತೆ ಕ್ಲೀನ್ ಕೈ ಬೇಕು. ಬರ್ತೀರಾ?"

ನನಗೆ ಅರ್ಥವಾಗಲಿಲ್ಲ. ಹೋಗಿ ನೋಡಿದ ಮೇಲೆ ತಿಳಿಯಿತು. ಎಚಿಂಗ್ ಅನ್ನುವ ಈ ಕೆಲಸಕ್ಕೆ ಇಬ್ಬರು ಬೇಕು. ತಾಮ್ರದ ತಗಡಿಗೆ ಮೇಣದಂಥ ಲೇಪ ಬಳಿದು, ಅದರ ಮೇಲೆ ಸೂಜಿಯಿಂದ ಚಿತ್ರ ಗೀರುತ್ತಾರೆ. ತಗಡನ್ನು ಆಸಿಡ್ಡಿನಲ್ಲಿ ಇಟ್ಟರೆ ಗೀರಿದ ಕಡೆ ಮಾತ್ರ ಕೊರೆದು ಗುಳಿಯಾಗುತ್ತದೆ. ಆ ಗುಳಿಗಳಿಗೆ ಇಂಕು ತುಂಬಿ, ಮೇಲಿನದನ್ನು ಜಾಳುಬಟ್ಟೆಯಿಂದ ಒರೆಸಿ, ನೆನೆಸಿದ ದಪ್ಪ ಕಾಗದವನ್ನು ಅದರ ಮೇಲಿಟ್ಟು, ಉಣ್ಣೆ ಕಂಬಳಿ ಹೊದಿಸಿ, ಪ್ರೆಸ್ಸಿನ ಚಕ್ರ ತಿರುಗಿಸಬೇಕು. ಇಂಕು ಹಚ್ಚುವವರ ಕೈ ಮೊಣಕೈವರೆಗೆ ಕಪ್ಪು. ಅವರು ಕಾಗದ ಮುಟ್ಟಿದರೆ ಕೆಟ್ಟಿತು. ಆದ್ದರಿಂದ ಕಾಗದ ನೆನೆಸುವುದು, ಹೀರುಕಾಗದದ ನಡುವೆ ಇಟ್ಟು ನೀರು ತೆಗೆಯುವುದು, ತಗಡಿನ ಮೇಲೆ ಇಡುವುದು, ಎತ್ತುವುದು, ಎಲ್ಲ ಇನ್ನೊಬ್ಬರದು. ಆ ಇನ್ನೊಬ್ಬರು ಇಂಕಿನ ಕಡೆ ಹೋಗುವಂತಿಲ್ಲ.

"ನೀವು ಮಡಿ, ನಾನು ಮೈಲಿಗೆ," ಅನ್ನುತ್ತಿದ್ದಳು ಹುಡುಗಿ. "ನನ್ನ ಮುಟ್ಟಬೇಡಿ, ದೂರ ದೂರ!"

ನನಗೂ ಅದು ಒಗ್ಗಿತು. ಯಾರಾದರೂ ಪ್ರೆಸ್ಸು ನೋಡಲು ಬಂದರೆ ಕಾಗದದ ಕೋಣೆಗೆ ಹೋಗಿಬಿಡುತ್ತಿದ್ದೆ. ಹೊಸಬರ ಜೊತೆ ಮಾತು ತಪ್ಪಿಸಿಕೊಳ್ಳಲು, ಕೈ ಮೈಲಿಗೆಯಾಗಬಾರದು ಎಂಬುದು ಒಳ್ಳೆಯ ನೆಪ.

ವಾಷಿಂಗ್ಟನ್‌ನ ಒಂದು ಗ್ಯಾಲರಿಯಲ್ಲಿ ಸ್ಥಳಗಳ ಮೇಲಿನ ರೇಖಾಚಿತ್ರ ಮತ್ತು ಅಚ್ಚುಚಿತ್ರಗಳ ಪ್ರದರ್ಶನಕ್ಕೆ ಅವಳನ್ನು ಕರೆದಿದ್ದರು. ಅವಳ ಪಾಲಿಗೆ ಒಂದು ಗೋಡೆ. ಈ ದೇಶದಲ್ಲಿ ಅವಳ ಮೊದಲ ಪ್ರದರ್ಶನ ಅದು. ಅವಳು ಆ ಮಾರಿಸ್‌ವಿಲ್ ರಸ್ತೆಯನ್ನು ಆರಿಸಿಕೊಂಡಳು, ಏಕೆಂದರೆ ಜಾಗವನ್ನು ಬಿಲ್ಡರ್ ಕೊಂಡಾಗಿತ್ತು, ಮನೆಗಳನ್ನು ಕೆಡವುವುದಿತ್ತು. ನಮ್ಮ ಕಡೆಯ ಎಷ್ಟೋ ಜನ ಅಲ್ಲಿ ಬರುವ ಟೌನ್‌ಹೌಸಿಗೆ ಹೆಸರು ಬರೆಸಿದ್ದರು. ನಿಮ್ಮ ಅಮ್ಮನೂ ಬರೆಸಿದ್ದಳು.

ಒಂದು ಮನೆಯಲ್ಲಿ ಕರಿಯ ಜನಾಂಗದ ಒಬ್ಬ ಅಜ್ಜಿ ಇದ್ದರು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಎದುರಿಗೆ ನಾವು ಮ್ಯಾಮ್ ಅನ್ನುತ್ತಿದ್ದೆವು, ನಮ್ಮೊಳಗೆ ಅಜ್ಜಿ. ನರೆತ ತಲೆಯ ನನ್ನನ್ನೂ ಸೇರಿಸಿ ಅವರು ನಮ್ಮಿಬ್ಬರನ್ನು ಬೇಬಿ ಅನ್ನುತ್ತಿದ್ದರು. ಅಂಗಳದಲ್ಲಿ ಕೂತು ಬರೆಯಲು ಹುಡುಗಿ ಕೇಳಿದಾಗ ಅಜ್ಜಿ ಹೇಳಿದ್ದು ಒಂದೇ ಮಾತು.

"ಬರಿ. ಆದರೆ ಹೇಗಿದೆಯೋ ಹಾಗೆ ಬರೀಬೇಕು. ಇದು ಹೋದ ಮೇಲೆ ನಿನ್ನ ಚಿತ್ರ ಒಂದೇ ಇರೋದು."

"ಹಾಗೇ ಬರೀತೀನಿ, ಮ್ಯಾಮ್."

ಹುಡುಗಿ ತಗಡನ್ನೇ ಅಂಗಳಕ್ಕೆ ಒಯ್ದು, ಮಡಿಲಲ್ಲಿಟ್ಟುಕೊಂಡು, ಕಣ್ಣೆದುರಿನ ಮನೆಯನ್ನು ನೇರವಾಗಿ ಗೀರಿದಳು. ಕಾಗದದಲ್ಲಿ ಬರೆದು ಆಮೇಲೆ ತಿರುವಿ ಇಳಿಸಿದರೆ ಗೆರೆಯ ಜೀವ ಹೋಗುತ್ತದೆ ಎಂದು ಅವಳ ನಂಬಿಕೆ. ತಗಡಿನಿಂದ ಕಾಗದಕ್ಕೆ ಬರುವಾಗ ಕನ್ನಡಿಯಲ್ಲಿ ಕಂಡ ಹಾಗೆ ಎಡ ಬಲವಾಗುತ್ತದೆ. ಅದು ಅವಳಿಗೆ ಗೊತ್ತಿಲ್ಲದ್ದಲ್ಲ. ಮನೆ ಮುಂದಿನ ಪೋಸ್ಟ್ ಡಬ್ಬಿಯ ಮೇಲಿದ್ದ ಮನೆ ನಂಬರನ್ನು ಅಚ್ಚಿನಲ್ಲಿ ಓದಲು ಬರಲಿ ಎಂದು ತಗಡಿನ ಮೇಲೆ ಉಲ್ಟಾ ಬರೆದಿದ್ದಳು. ಮನೆ ತಿರುಗಿದರೆ ಏನು ಮಹಾ ಅಂದುಕೊಂಡಿದ್ದಳು. ನಾನೂ ಏನೂ ಅಂದುಕೊಂಡಿರಲಿಲ್ಲ.

ಅಚ್ಚು ಬಹಳ ಚೆನ್ನಾಗಿ ಬಂತು. ಜಗಲಿಯ ಕೆಳಗಿನ ಕತ್ತಲು, ಹಲಗೆಯ ಬಿರುಕು, ಕಿಟಕಿಯ ಪರದೆ, ಎಲ್ಲವೂ ಮುಟ್ಟಿದರೆ ಸಿಗುವಷ್ಟು ಗಾಢ. ಹುಡುಗಿ ಇಂಕಿನ ಕೈ ಮೇಲೆತ್ತಿಕೊಂಡು ಗೋದಾಮಿನ ತುಂಬ ಕುಣಿದಳು. ಅಜ್ಜಿಯನ್ನು ಕಾರಿನಲ್ಲಿ ಕರೆತಂದಳು.

ಅಜ್ಜಿ ಕನ್ನಡಕ ಹಾಕಿಕೊಂಡು ಚಿತ್ರದ ಮುಂದೆ ನಿಂತರು. ಆಮೇಲೆ ಅವರು ಮಾಡಿದ್ದು ನೋಡಿ ನಾನು ಕಾಗದದ ಕೋಣೆಯ ಬಾಗಿಲಿಗೆ ಬಂದೆ. ಚಿತ್ರಕ್ಕೆ ಬೆನ್ನು ಮಾಡಿ ತಿರುಗಿ ನಿಂತರು, ಆ ಬಾಗಿಲಿನಿಂದ ಈಗ ತಾನೇ ಹೊರಗೆ ಬಂದವರ ಹಾಗೆ. ಬಲಗೈ ಚಾಚಿದರು. ಗಾಳಿಯಲ್ಲಿ ಹುಡುಕಿದರು. ಕೈ ಇಳಿಸಿದರು.

"ನನ್ನ ಕಂಬಿ ಎಲ್ಲಿ ಬೇಬಿ?"

"ಇದೆಯಲ್ಲ ಮ್ಯಾಮ್, ಇಲ್ಲಿ." ಹುಡುಗಿ ತೋರಿಸಿದಳು.

"ಅದು ಎಡಗೈಗೆ. ನನ್ನದು ಬಲಗೈಗೆ. ನನ್ನ ಮಂಡಿ ಕೆಟ್ಟ ವರ್ಷ ನನ್ನ ಗಂಡ ನೀರಿನ ಪೈಪು ತಂದು ಬಗ್ಗಿಸಿ ಮೆಟ್ಟಿಲ ಪಕ್ಕ ಬಲಗೈಗೆ ಅಂತ ಹಾಕಿದ. ಈ ಮನೆಯಿಂದ ಹೊರಗೆ ಬಂದರೆ ನಾನು ಬೀಳ್ತೀನಿ."

ಹುಡುಗಿ ನಕ್ಕು, ಅಚ್ಚಿನಲ್ಲಿ ಹೀಗಾಗುವುದು ಸಾಮಾನ್ಯ ಎಂದು ವಿವರಿಸಿದಳು. ಅಜ್ಜಿ ತಾಳ್ಮೆಯಿಂದ ಎಲ್ಲ ಕೇಳಿದರು.

"ತಿಳೀತು. ಚೆನ್ನಾಗಿದೆ. ಆದರೆ ಇದು ಬೇರೆ ಯಾರದೋ ಮನೆ."

ಅವರನ್ನು ಬಿಟ್ಟು ಬಂದು ಹುಡುಗಿ ಸಿಡಿಮಿಡಿಗುಟ್ಟಿದಳು. "ಎಚಿಂಗಲ್ಲಿ ಇದು ಕಾಮನ್ ಆಂಟಿ. ಪ್ರಪಂಚದಲ್ಲಿ ಅರ್ಧ ಪ್ರಿಂಟು ಹೀಗೇ ಇರತ್ತೆ. ಎಡ ಆದ್ರೇನು ಬಲ ಆದ್ರೇನು?"

"ಮದುವೆಯಾಗಿ ಮನೆಗೆ ಬರುವಾಗ ನಿನಗೆ ಯಾವ ಕಾಲಿಡು ಅಂದ್ರು?"

"ಅಯ್ಯೋ, ಶುರುವಾಯ್ತು," ಅಂದಳು. ಆದರೆ ಆ ಸಂಜೆ ತಗಡನ್ನು ಒಳಗಿಡದೆ ಎದುರಿಗಿಟ್ಟುಕೊಂಡು ಕೂತಿದ್ದಳು.

ಮಾರನೆಯ ವಾರ ಅವಳು ಹೊಸ ತಗಡು ತೆಗೆದುಕೊಂಡಳು. ಮೊದಲ ಅಚ್ಚಿನ ಮೇಲೆ ತೆಳುಕಾಗದ ಇಟ್ಟು ಗೆರೆಗಳನ್ನು ತೆಗೆದು, ಹಾಗೇ ತಗಡಿಗೆ ಇಳಿಸಿದಳು. ಈಗ ಎಡವಾದದ್ದು ಮತ್ತೆ ಬಲವಾಗಬೇಕು. ಹೊರಗೆ ಜುಲೈನ ಸೆಕೆ. ಗೋದಾಮಿನಲ್ಲಿ ಫ್ಯಾನು ಬಿಟ್ಟರೆ ಏನಿಲ್ಲ. ಸೆಕೆಗೆ ಆಸಿಡ್ಡು ಚುರುಕಾಗುತ್ತದೆ ಎಂದು ಪ್ರೆಸ್ಸಿನ ಮುದುಕರು ಎಚ್ಚರಿಸಿದ್ದರು. ಅವಳು ಬೇಗ ತೆಗೆದಳು, ಆದರೂ ತಡವಾಗಿತ್ತು. ಗೆರೆಗೆ ಗೆರೆ ಕೂಡಿಕೊಂಡು ಜಗಲಿಯೆಲ್ಲ ಒಂದೇ ಕಪ್ಪು ಕಲೆ. ಕೆಡದೆ ಉಳಿದ ಕಡೆಯಲ್ಲೂ ಗೆರೆಗೆ ಉಸಿರಿರಲಿಲ್ಲ. ನಕಲು ಮಾಡಿದ್ದು ನಕಲಿನ ಹಾಗೇ ಕಂಡಿತು. ಮತ್ತೆ ಅಂಗಳದಲ್ಲಿ ಕೂತು ಬರೆಯೋಣವೆಂದರೆ ಅಷ್ಟರಲ್ಲಿ ರಸ್ತೆಗೆ ಬೇಲಿ ಹಾಕಿದ್ದರು. ಅಜ್ಜಿ ಅಟ್ಲಾಂಟಾದಲ್ಲಿದ್ದ ಮಗಳ ಮನೆಗೆ ಹೋಗಿಯಾಗಿತ್ತು.

ಆಗ ಮುದುಕರು ಒಂದು ದಾರಿ ಹೇಳಿದರು. ಹಳಬರು ಮಾಡುತ್ತಿದ್ದದ್ದಂತೆ, ಹೆಸರು ಕೌಂಟರ್‌ಪ್ರೂಫ್. ಮೊದಲ ತಗಡಿನಿಂದ ಅಚ್ಚು ತೆಗೆದ ತಕ್ಷಣ, ಇಂಕು ಹಸಿಯಾಗಿರುವಾಗಲೇ, ಅದರ ಮೇಲೆ ಇನ್ನೊಂದು ಒದ್ದೆ ಕಾಗದ ಇಟ್ಟು ಮತ್ತೆ ಪ್ರೆಸ್ಸಿನಲ್ಲಿ ಹಾಯಿಸುವುದು. ಅಚ್ಚಿನ ಅಚ್ಚು. ಉಲ್ಟಾದದ್ದು ಮತ್ತೊಮ್ಮೆ ಉಲ್ಟಾ ಆಗಿ ಸರಿಯಾಗುತ್ತದೆ.

"ಆದರೆ ಪೇಲವವಾಗಿ ಬರುತ್ತೆ," ಅಂದರು. "ಮತ್ತೆ ಅಡಿಯದೂ ಕೆಡುತ್ತೆ. ಒಂದು ಪೇಲವ ಚಿತ್ರಕ್ಕೆ ಒಂದು ಒಳ್ಳೆಯ ಚಿತ್ರ ಬಲಿ."

ಇನ್ನೊಂದು ತೊಡಕನ್ನು ಹುಡುಗಿಯೇ ಕಂಡಳು. ಮನೆ ಸರಿಯಾದರೆ ಪೋಸ್ಟ್ ಡಬ್ಬಿಯ ನಂಬರು ಉಲ್ಟಾ ಆಗುತ್ತದೆ. ಅವಳು ಅಟ್ಲಾಂಟಾಕ್ಕೆ ಫೋನ್ ಮಾಡಿದಳು.

"ನಂಬರ್ ಯಾಕೆ ಬೇಬಿ?" ಅಂದರಂತೆ ಅಜ್ಜಿ. "ಆ ಡಬ್ಬಿ ಕಿತ್ತು ಎಸೆದಾಯ್ತು. ನಂಬರ್ ಅಳಿಸು. ಕಂಬಿ ಸರಿ ಮಾಡು."

ತಗಡಿನ ಗೆರೆ ಅಳಿಸುವುದೆಂದರೆ ಚೂಪು ಉಕ್ಕಿನಿಂದ ತಾಮ್ರವನ್ನು ಕೆರೆದು, ನಯ ಮಾಡಿ ಉಜ್ಜುವುದು. ಕೆರೆದ ಮೇಲೆ ಮೊದಲಿನಂಥ ಅಚ್ಚು ಮತ್ತೆಂದೂ ಬರುವುದಿಲ್ಲ. ಆವರೆಗೆ ತೆಗೆದದ್ದರಲ್ಲಿ ಒಳ್ಳೆಯವು ಎರಡು ಇದ್ದವು, ಅಷ್ಟೇ. ಹುಡುಗಿ ಉಕ್ಕು ಹಿಡಿದು ನನ್ನ ಮುಖ ನೋಡಿದಳು.

"ಇದನ್ನ ಕೆರೆದ್ರೆ ಮುಗೀತು ಆಂಟಿ. ವಾಪಸ್ ಹೋಗಕ್ಕಾಗಲ್ಲ."

ನಾನು ಕಾಗದ ನೆನೆಸಲು ಎದ್ದುಹೋದೆ. ಅವಳ ಕೈ, ಅವಳ ತಗಡು. ಏನಾದರೂ ಹೇಳಿದ್ದರೆ ಚೆನ್ನಾಗಿತ್ತೋ ಏನೋ. ಅವಳೇ ಕೆರೆದಳು.

ಆಮೇಲೆ ನಮ್ಮ ನಿಜವಾದ ಕಷ್ಟ ಶುರುವಾಯಿತು. ಹಸಿ ಅಚ್ಚಿನ ಮೇಲೆ ಒದ್ದೆ ಕಾಗದ ಇಡುವಾಗ ಅದು ಕೂದಲೆಳೆಯಷ್ಟು ಜರುಗಿದರೂ ಚಿತ್ರ ಎರಡೆರಡಾಗಿ ಕಾಣುತ್ತದೆ. ಒದ್ದೆ ಸೀರೆಯನ್ನು ಇಬ್ಬರು ಹಿಡಿದು ಹರವುವ ಹಾಗೆ ನಾಲ್ಕು ಮೂಲೆ ಹಿಡಿದು, ಮೊದಲು ನಡು ತಾಗುವಂತೆ ಇಳಿಸಬೇಕು. ನನ್ನದು ಎರಡು ಕೈ. ಹುಡುಗಿ ಕೈ ತೊಳೆದು ಬರುವಷ್ಟರಲ್ಲಿ ಇಂಕು ಆರುತ್ತಿತ್ತು. ಇಂಕಿಗೆ ಎಣ್ಣೆ ಬೆರೆಸಿ ತೆಳು ಮಾಡಿದರೆ ಮನೆಯೆಲ್ಲ ಹರಡಿ ಹೋಗುತ್ತಿತ್ತು. ಒಂದಾದ ಮೇಲೊಂದು ಕಾಗದ ಕೆಟ್ಟವು. ಕೊನೆಗೆ ಪ್ರೆಸ್ಸಿನ ಮುದುಕರನ್ನೇ ಕರೆದೆವು. ಆರಡಿ ಆಳು, ಹಾರೆಯಂಥ ಬೆರಳುಗಳು. ಸೋಪು ಹಚ್ಚಿ ಉಗುರು ಉಜ್ಜಿಸಿ, ನನ್ನೆದುರು ನಿಲ್ಲಿಸಿ, ಏನನ್ನೂ ಮುಟ್ಟಬಾರದು ಎಂದು ಹುಡುಗಿ ಕಟ್ಟಪ್ಪಣೆ ಮಾಡಿದಳು.

"ಇವರಿಗೂ ಮಡಿ ಆಯ್ತು ಆಂಟಿ. ಇನ್ನು ಜನಿವಾರ ಒಂದೇ ಬಾಕಿ."

ಅವರು ಏನೆಂದು ಕೇಳಿದರು. ಹೇಗೆ ವಿವರಿಸುವುದು? ನಾನೂ ಅವಳೂ ನಗುತ್ತ ನಿಂತೆವು. ಆ ಬೇಸಿಗೆಯಲ್ಲಿ ಅಷ್ಟು ನಕ್ಕದ್ದು ಅದೇ.

ಅವರ ಜೊತೆ ಉಸಿರು ಹಿಡಿದು ಇಳಿಸಿ ಇಳಿಸಿ, ಒಂದು ದಿನ ಕಾಗದ ಎತ್ತಿದಾಗ ಮನೆ ಸರಿಯಾಗಿ ಬಂದಿತ್ತು. ಕಂಬಿ ಅದರ ಕಡೆಗಿತ್ತು. ಆದರೆ ಬಣ್ಣ? ಬೂದಿ ಬಳಿದ ಹಾಗೆ. ಜಗಲಿಯ ಕೆಳಗಿನ ಕತ್ತಲು ಕತ್ತಲೇ ಅಲ್ಲ. ಹುಡುಗಿ ಅದನ್ನು ನೋಡಿ, ಗಾಢವಾದದ್ದನ್ನು ನೋಡಿ, ಮತ್ತೆ ಇದನ್ನು ನೋಡಿದಳು. ಅವಳಿಗೆ ಒಳಗೆ ಏನಾಯಿತೆಂದು ನನಗೆ ಕಂಡಿತು. ಅಂಥದೇ ಇನ್ನೂ ಎರಡು ತೆಗೆದು ನಿಲ್ಲಿಸಿದೆವು.

ವಾಷಿಂಗ್ಟನ್‌ಗೆ ಹೋಗುವಾಗ ಅವಳು ನನ್ನನ್ನೂ ಕರೆದಳು. ಚಿತ್ರ ಬಿಚ್ಚಲು, ಎತ್ತಲು ಅವೇ ಕ್ಲೀನ್ ಕೈ. ಹಿಂದಿನ ದಿನ ಹತ್ತಿರದ ಸ್ಟರ್ಲಿಂಗ್‌ನಲ್ಲಿ ಅವಳ ಗಂಡನ ಸ್ನೇಹಿತರ ಮನೆಯಲ್ಲಿ ಉಳಿದು, ಬೆಳಿಗ್ಗೆ ಗ್ಯಾಲರಿಗೆ ಹೋದೆವು. ನಾನು ಒಂದೊಂದೇ ಬಿಚ್ಚಿದೆ. ಇದ್ದಿಲಿನಲ್ಲಿ ಬರೆದ ರಸ್ತೆಯ ದೊಡ್ಡ ಚಿತ್ರಗಳು, ಉಳಿದ ಮನೆಗಳ ಅಚ್ಚುಗಳು, ಅಜ್ಜಿಯ ಪೇಲವ ಮನೆ. ಅದರ ಅಡಿಯಲ್ಲಿ, ನನಗೆ ಹೇಳದೆ ಅವಳು ಸೇರಿಸಿದ್ದ ಗಾಢವಾದದ್ದು.

ಗ್ಯಾಲರಿ ನಡೆಸುವ ಹೆಂಗಸು ನೇರವಾಗಿ ಅದರ ಹತ್ತಿರ ಬಂದು ನಿಂತರು. "ಇದು. ನಡುಗೋಡೆಗೆ ಇದೇ. ಆ ಇನ್ನೊಂದು ನೀರಲ್ಲಿ ತೊಳೆದ ಹಾಗಿದೆ."

ಅದು ಮನೆ ಇದ್ದ ಹಾಗೆ ಬಂದದ್ದು, ಇದು ತಿರುಗಿದ್ದು ಎಂದು ಹುಡುಗಿ ಹೇಳಿದಳು.

"ಇಲ್ಲಿ ಬರುವವರಲ್ಲಿ ಯಾರಿಗೆ ಗೊತ್ತಾಗುತ್ತೆ? ನೀನು ನಕಾಶೆ ಬರೆದಿಲ್ಲ, ಚಿತ್ರ ಬರೆದಿದ್ದೀಯ. ನಿನ್ನ ಕೈ ಎಂಥದು ಅಂತ ಜನಕ್ಕೆ ತಿಳಿಯೋದು ಇದರಲ್ಲಿ."

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಹುಡುಗಿ ನನ್ನ ಕಡೆ ತಿರುಗಿದಳು. "ಆಂಟಿ, ಅವ್ರು ಹೇಳೋದೂ ಕರೆಕ್ಟ್ ಅನ್ಸತ್ತೆ. ಅಜ್ಜಿ ಇಲ್ಲಿಗೆ ಬರಲ್ಲ. ಅವರಿಗೆ ಬೇಕಾದ್ದನ್ನ ಅವರಿಗೆ ಕೊಟ್ಟುಬಿಡೋಣ, ಇಲ್ಲಿ ಇದು ಇರಲಿ."

ಎದುರಿಗೆ ಪರಸ್ಥಳದವರು, ನುಣ್ಣನೆಯ ಬಿಳಿ ಗೋಡೆಗಳು, ನನ್ನ ಕಾಲಲ್ಲಿ ಚಪ್ಪಲಿಯ ಜೊತೆ ಕಾಲುಚೀಲ. ಆದರೂ ಹೇಳಿದೆ.

"ನಿನ್ನ ಚಿತ್ರ, ನಿನ್ನ ಇಷ್ಟ ಕಣಮ್ಮ. ಆದ್ರೆ ಇದ್ದ ಹಾಗೇ ಬರೀತೀನಿ ಅಂತ ನೀನು ಅವರಿಗೆ ಅಂದಿದ್ದೆ."

"ಅಂದಿದ್ದೆ. ಗೊತ್ತು ನಂಗೆ. ನೀವು ಬೇರೆ ನೆನಪಿಸ್ಬೇಕಾ?" ಅವಳ ಕಣ್ಣು ತುಂಬಿತು.

"ಏನು ಹೇಳ್ತಿದ್ದಾರೆ ಇವರು?" ಎಂದು ಆ ಹೆಂಗಸು ಕೇಳಿದರು.

ಹುಡುಗಿ ಮೂಗು ಒರೆಸಿಕೊಂಡಳು. "ಆ ಮನೆಯಿಂದ ಹೊರಗೆ ಬಂದರೆ ಅಜ್ಜಿ ಬೀಳ್ತಾರೆ, ಅದನ್ನು ತೂಗುಹಾಕಬೇಡ ಅಂತ ಹೇಳ್ತಿದ್ದಾರೆ."

ನಾನು ಹಾಗೆ ಹೇಳಿರಲಿಲ್ಲ. ಅವಳು ತನ್ನ ಮಾತನ್ನು ನನ್ನ ಬಾಯಲ್ಲಿ ಹಾಕಿದಳು. ನಾನು ಅಲ್ಲವೆನ್ನಲೂ ಇಲ್ಲ. ಆ ಹೆಂಗಸು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಒರಟುತನವೇನೂ ತೋರಿಸಲಿಲ್ಲ. ಪೇಲವವಾದದ್ದು ನಡುಗೋಡೆಯಲ್ಲಿ ನಿಲ್ಲುವುದಿಲ್ಲ, ಬೇಕಿದ್ದರೆ ಕಾರಿಡಾರಿನ ಓಣಿಯಲ್ಲಿ ಹಾಕುತ್ತೇನೆ ಅಂದರು. ಗಾಢವಾದದ್ದನ್ನು ನಾನು ಮತ್ತೆ ಸುತ್ತಿಟ್ಟೆ. ನಡುಗೋಡೆ ಬೇರೊಬ್ಬ ಕಲಾವಿದರಿಗೆ ಹೋಯಿತು, ಇದ್ದಿಲಿನ ಚಿತ್ರಗಳು ಪಕ್ಕದ ಗೋಡೆಗೆ. ಅಜ್ಜಿಯ ಮನೆ, ಕೋಟು ತೂಗುಹಾಕುವ ಜಾಗದ ಪಕ್ಕದ ಓಣಿಯಲ್ಲಿ, ಮಂಕು ದೀಪದ ಕೆಳಗೆ.

ಉದ್ಘಾಟನೆಯ ಸಂಜೆ ಜನ ಬಂದರು. ವೈನ್ ಗ್ಲಾಸು ಹಿಡಿದು ಇದ್ದಿಲಿನ ಚಿತ್ರಗಳ ಮುಂದೆ ನಿಂತರು. ನಾನು ಓಣಿಯಲ್ಲೇ ನಿಂತಿದ್ದೆ. ಹಾದುಹೋದವರು ಬಹಳ. ನಿಂತು ನೋಡಿದವರು ಇಲ್ಲ. ಒಬ್ಬರು ನನ್ನ ಹತ್ತಿರ ಬಂದು ಬಗ್ಗಿ ಕೇಳಿದರು. ಚಿತ್ರದ ಬಗ್ಗೆ ಇರಬೇಕೆಂದು ನಾನು ಅದರ ಕಡೆ ಬೆರಳು ಮಾಡಿದೆ. ಅವರಿಗೆ ಬೇಕಾಗಿದ್ದದ್ದು ಬಾತ್‌ರೂಮಿನ ದಾರಿ.

ವಾಪಸ್ ಬರುವಾಗ ವರ್ಜೀನಿಯಾ ದಾಟಿದ ಮೇಲೆ ಹುಡುಗಿ ರಸ್ತೆಯ ಮೇಲೆ ಕಣ್ಣಿಟ್ಟೇ ಕೇಳಿದಳು.

"ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅಜ್ಜಿ ನೋಡಲಿಲ್ಲ. ಬೇರೆಯವರೂ ನೋಡಲಿಲ್ಲ. ಹಾಗಾದ್ರೆ ಯಾರಿಗೋಸ್ಕರ ಇದೆಲ್ಲ ಮಾಡಿದ್ವಿ?"

ಆ ಗ್ಯಾಲರಿಯಿಂದ ಅವಳಿಗೆ ಮತ್ತೆ ಕರೆ ಬರಲಿಲ್ಲ. ಗಾಢವಾದದ್ದನ್ನು ಹಾಕಿದ್ದರೆ ಬರುತ್ತಿತ್ತೇನೋ. ನಾನು ಬಾಯಿಮುಚ್ಚಿಕೊಂಡಿದ್ದರೆ ಅವಳು ಅದನ್ನೇ ಹಾಕುತ್ತಿದ್ದಳು ಎಂಬುದೂ ನನಗೆ ಗೊತ್ತು. ಅಡಿಗೆ ಮಾಡುವಾಗ, ಬಟ್ಟೆ ಮಡಿಸುವಾಗ ಆ ಯೋಚನೆ ಬಂದು ಕೂರುತ್ತಿತ್ತು.

ಪ್ರದರ್ಶನ ಮುಗಿಯುವ ಮೊದಲೇ ಮನೆ ಕೆಡವಿದರು. ಚಿತ್ರಗಳು ತಿರುಗಿ ಬಂದ ಮೇಲೆ, ಅವಳು ಓಣಿಯಲ್ಲಿದ್ದ ಚಿತ್ರವನ್ನು ಚೌಕಟ್ಟಿನ ಸಮೇತ ಕಾರಿನಲ್ಲಿಟ್ಟುಕೊಂಡು ನನ್ನನ್ನು ಹತ್ತಿಸಿಕೊಂಡು ಅಟ್ಲಾಂಟಾಕ್ಕೆ ಹೊರಟಳು. ಅಜ್ಜಿಯ ಮಗಳು ನರ್ಸು. ಬಾಡಿಗೆ ಅಪಾರ್ಟ್‌ಮೆಂಟು, ಪುಟ್ಟ ಹಾಲು, ಅದರಲ್ಲೇ ಊಟದ ಮೇಜು.

ಹುಡುಗಿ ಚಿತ್ರವನ್ನು ಆ ಮೇಜಿನ ಒಂದು ಕುರ್ಚಿಯ ಮೇಲೆ, ಬೆನ್ನಿಗೆ ಒರಗಿಸಿ ನಿಲ್ಲಿಸಿದಳು. ಅಜ್ಜಿ ಎದುರಿನ ಕುರ್ಚಿಯಲ್ಲಿ ಕೂತು ನೋಡತೊಡಗಿದರು.

"ತುಂಬಾ ಮಾಸಿದೆ," ಅಂದರು.

"ನಾನು ಬೇಕಂತ ಮಾಡಿದ್ದಲ್ಲ ಮ್ಯಾಮ್." ಹುಡುಗಿಯ ದನಿ ಸಣ್ಣಗಾಯಿತು. "ಕಂಬಿ ಆ ಕಡೆ ಬರಬೇಕಾದರೆ ಹೀಗೇ ಬರೋದು."

"ನಾನೇನು ತಪ್ಪು ಅಂದೆನಾ? ಇಷ್ಟೇ ಮಾಸಿತ್ತು. ನೀನು ಮೊದಲು ತೋರಿಸಿದ್ದು ಹೊಸ ಬಣ್ಣ ಹೊಡೆದ ಹಾಗಿತ್ತು. ಬಣ್ಣ ಹೊಡಿ, ಬಣ್ಣ ಹೊಡಿ ಅಂತ ನನ್ನ ಗಂಡನಿಗೆ ಹೇಳಿ ಹೇಳಿ ಸಾಕಾಯ್ತು. ಬಿಸಿಲಿಗೆ ಹೀಗೇ ಬರೋದು ಅಂತ ಅವನೂ ನಿನ್ನ ಹಾಗೇ ನೆಪ ಹೇಳ್ತಿದ್ದ."

ಹುಡುಗಿ ನಗಲು ಹೋಗಿ ಅತ್ತುಬಿಟ್ಟಳು. ಅಜ್ಜಿ ಅವಳ ಕಡೆ ನೋಡಲಿಲ್ಲ. ಚಿತ್ರದ ಕಡೆಗೇ ನೋಡುತ್ತಿದ್ದರು.

ಎಲ್ಲಿ ತೂಗುಹಾಕೋಣ ಎಂದು ನಾನು ಗೋಡೆ ತೋರಿಸಿ ಕೇಳಿದೆ. ಮಗಳು ಆಗದು ಎಂದು ತಲೆಯಾಡಿಸಿದಳು. ಇಲ್ಲಿ ಮೊಳೆ ಹೊಡೆಯಲು ಬಿಡುವುದಿಲ್ಲ, ಮ್ಯಾನೇಜರು ಜಗಳಕ್ಕೆ ಬರುತ್ತಾನೆ ಅಂದಳು. ಮುಂದೆ ಸ್ವಂತ ಮನೆ ಮಾಡಿದಾಗ ನೋಡೋಣ, ಅಲ್ಲಿಯವರೆಗೆ ಬಟ್ಟೆಯ ಕಪಾಟಿನಲ್ಲಿ ಇಡುತ್ತೇನೆ ಎಂದು ಎತ್ತಲು ಬಗ್ಗಿದಳು.

"ಬಿಡು," ಅಂದರು ಅಜ್ಜಿ. "ಕೂತಿರಲಿ."

ಊಟದ ಹೊತ್ತಾಗಿತ್ತು. ಮಗಳು ನನಗೆಂದು ಮಾಂಸ ಹಾಕದೆ ಬೇರೆಯಾಗಿ ಬೀನ್ಸ್ ಬೇಯಿಸಿದ್ದಳು. ಮುಸುಕಿನ ಜೋಳದ ಬ್ರೆಡ್ಡು, ಹೆಚ್ಚಿದ ಟೊಮ್ಯಾಟೊ ಇತ್ತು. ಮೇಜಿಗೆ ನಾಲ್ಕು ಕುರ್ಚಿ. ನಾವು ನಾಲ್ವರು, ಒಂದರಲ್ಲಿ ಮನೆ ಕೂತಿತ್ತು. ಮಗಳು ಕುರ್ಚಿಗಳನ್ನು ನೋಡಿದಳು, ತಾಯಿಯ ಮುಖ ನೋಡಿದಳು. ಆಮೇಲೆ ತನ್ನ ತಟ್ಟೆ ಎತ್ತಿಕೊಂಡು ಹೋಗಿ ಅಡಿಗೆ ಕಟ್ಟೆಗೆ ಒರಗಿ ನಿಂತಳು. ಅವಳೊಬ್ಬಳೇ ನಿಂತಿರುವುದು ಸರಿಕಾಣದೆ ನಾನೂ ಎದ್ದೆ. ನಾನು ಎದ್ದದ್ದು ನೋಡಿ ಹುಡುಗಿಯೂ ಎದ್ದಳು. ಅಜ್ಜಿ ಒಬ್ಬರೇ ಮೇಜಿನಲ್ಲಿ ತಮ್ಮ ಮನೆಯ ಎದುರು ಕೂತು ನಿಧಾನವಾಗಿ ಊಟ ಮಾಡಿದರು. ಅವರು ಏಳುವವರೆಗೆ ನಾವು ಮೂವರೂ ನಿಂತೇ ತಿಂದೆವು.